ಬಾಗಿಲ ಹತ್ತಿರದ ಪ್ಲೇಟು

ಜೂನ್ 3

ಪ್ರೀತಿಯ ಅತ್ತೆ,

ನಿನ್ನ ರಕ್ತ ಕ್ಷೇಮವಾಗಿದೆ. ನೀನೂ ಕ್ಷೇಮ ಅಂದುಕೊಂಡಿದ್ದೀನಿ.

ಫೋನ್ ಮಾಡಿದ್ರೆ ನಿನ್ನ ಕಿವಿಗೆ ಅರ್ಧ ಬೀಳುತ್ತೆ, ಉಳಿದರ್ಧವನ್ನು ನೀನೇ ಸೃಷ್ಟಿ ಮಾಡಿಕೊಳ್ತೀಯ. ಅಷ್ಟು ವರ್ಷ ಈಜುಕೊಳದ ನೀರು ಕುಡಿದ ಕಿವಿ, ಪಾಪ, ಇನ್ನೇನು ಮಾಡೀತು. ಅದಕ್ಕೇ ಕಾಗದ.

ಹೋದ ತಿಂಗಳು ಬಂದಿದ್ದಾಗ ನಿನ್ನ ತೋಳಿಂದ ರಕ್ತ ತೆಗೆದೆನಲ್ಲ, "ಸೊಳ್ಳೆಗಾದ್ರೂ ಮಾನ ಮರ್ಯಾದೆ ಇರುತ್ತೆ, ಇಷ್ಟು ಕುಡಿಯಲ್ಲ" ಅಂತ ಬೈದೆಯಲ್ಲ, ಅದರ ಕಥೆ ಕೇಳು. ಆ ರಕ್ತವನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿದೆ. ಕೆಂಪೆಲ್ಲ ತಳಕ್ಕೆ ಕೂತಿತು. ಅದರ ಮೇಲೆ ಹಾಲಿನ ಕೆನೆಯಷ್ಟು ತೆಳ್ಳಗೆ ಒಂದು ಬಿಳಿ ಪದರ ನಿಂತಿತು. ನನಗೆ ಬೇಕಾಗಿದ್ದದ್ದು ಅಷ್ಟೇ. ಮೈಗೆ ರೋಗ ನುಗ್ಗಿದಾಗ ಕೂಗೆಬ್ಬಿಸಿ ಕಾದಾಡೋ ಕಣಗಳೆಲ್ಲ ಅಲ್ಲೇ ಇರೋದು. ಅವನ್ನು ಪುಟ್ಟ ಸೀಸೆಗಳಿಗೆ ತುಂಬಿ ಹೆಪ್ಪುಗಟ್ಟಿಸಿ ಇಟ್ಟಿದ್ದೆ. ನಿನ್ನೆ ಒಂದು ಸೀಸೆ ಹೊರಗೆ ತೆಗೆದು ಕರಗಿಸಿದೆ. ಎದ್ದವು ಅತ್ತೆ! ಮೈಕ್ರೋಸ್ಕೋಪಿನಲ್ಲಿ ನೋಡಿದ್ರೆ ದುಂಡುದುಂಡಗೆ ಹೊಳೀತಿವೆ.

ಈಗ ಮಾಡೋದು ಇಷ್ಟು. ಅಂಗೈಯಗಲದ ಪ್ಲೇಟು, ಅದರಲ್ಲಿ ಸಾಲುಸಾಲು ಗುಳಿಗಳು. ಗುಳಿಗಳಲ್ಲಿ ನಿನ್ನ ಕಣ ಹಾಕಿ, ಅರ್ಧಕ್ಕೆ ಶೀತಜ್ವರ ತರಿಸೋ ವೈರಸ್ ಬಿಡ್ತೀನಿ, ಇನ್ನರ್ಧಕ್ಕೆ ಬಿಡಲ್ಲ. ಆಮೇಲೆ ಮೈಯಷ್ಟೇ ಬೆಚ್ಚಗಿರೋ ಪೆಟ್ಟಿಗೆಯಲ್ಲಿ, ಅಂದ್ರೆ ಇನ್‌ಕ್ಯುಬೇಟರಿನಲ್ಲಿ ಇಡೋದು. ವೈರಸ್ ಕಂಡ ಕಣ ಸುಮ್ಮನಿರಲ್ಲ, ಇಂಟರ್‌ಫೆರಾನ್ ಅನ್ನೋ ರಸ ಬಿಡುತ್ತೆ. "ಕಳ್ಳ ಬಂದ, ಬಾಗಿಲು ಹಾಕಿಕೊಳ್ಳಿ" ಅಂತ ಕೇರಿಗೆಲ್ಲ ಸಾರಿದ ಹಾಗೆ. ಆ ರಸ ಎಷ್ಟಿದೆ ಅಂತ ಮರುದಿನ ಬಣ್ಣ ಬರಿಸಿ ಅಳೀತೀವಿ. ಕೂಗು ಜೋರಿದ್ರೆ ಕಡು ಹಳದಿ, ಇಲ್ಲದಿದ್ರೆ ತಿಳಿ ನೀರು.

ಸೀಸೆಗಳ ಮೇಲೆ ಹೆಸರಿರಲ್ಲ, ನಂಬರ್ ಮಾತ್ರ. ಯಾರ ರಕ್ತ ಯಾವುದು ಅಂತ ನಮಗೆ ಗೊತ್ತಾಗಬಾರದು, ಗೊತ್ತಾದ್ರೂ ಕೊಟ್ಟವರಿಗೆ ಫಲಿತಾಂಶ ಹೇಳಬಾರದು. ಇದು ನಮ್ಮ ಲ್ಯಾಬಿನ ಮೇಡಂ ಕಟ್ಟಪ್ಪಣೆ. ಆದ್ರೆ ನಿನ್ನದನ್ನು ತುಂಬಿದವಳೇ ನಾನು, ನಂಬರ್ ಮರೆಯೋದು ಹೇಗೆ? ನಿನ್ನ ಪ್ಲೇಟನ್ನು ಮೇಲಿನ ಹಲಗೆ ಮೇಲೆ ಬಾಗಿಲ ಹತ್ತಿರವೇ ಇಟ್ಟಿದ್ದೀನಿ. ಹೋಗ್ತಾ ಬರ್ತಾ ತೆಗೆದು ನೋಡಿಕೊಳ್ತೀನಿ. ಬೇರೆಯವರದ್ದೆಲ್ಲ ಹಿಂದೆ, ಕತ್ತಲಲ್ಲಿ. ಸ್ವಂತ ಅತ್ತೆಗೆ ಇಷ್ಟಾದ್ರೂ ಮರ್ಯಾದೆ ಬೇಡವಾ?

ನಿನ್ನ,
ಕುಳ್ಳಿ

ಜೂನ್ 14

ಕುಳ್ಳಿ,

ಕಾಗದ ಬಂತು. ನನ್ನ ಕಣ ಹೊಳೀತಿದೆ ಅಂತ ಓದಿ ಕನ್ನಡಿ ಮುಂದೆ ಹೋಗಿ ನೋಡಿಕೊಂಡೆ. ಮುಖದಲ್ಲಿ ಆ ಹೊಳಪು ಕಾಣಲಿಲ್ಲ.

ಇಲ್ಲಿಯ ಸುದ್ದಿ. ಹೊಸ ಈಜುಕೊಳ ಮುಗಿಯುತ್ತಾ ಬಂತು. ಮೇಲೆ ಚಾವಣಿ, ಬಿಸಿನೀರು, ಮಕ್ಕಳಿಗೆ ಬೇರೆ ಕೊಳ. ಮಕ್ಕಳ ವಿಭಾಗಕ್ಕೆ ಮುಖ್ಯಸ್ಥೆಯಾಗಿ ಬಾ ಅಂತ ಕೊಳದ ಕಾರ್ಯದರ್ಶಿ ಮನೆಗೇ ಬಂದು ಕೇಳಿದ. ನನ್ನ ಕೈಯಲ್ಲೇ ಈಜು ಕಲಿತವನು ಕಣೇ ಅವನು. ಆಗ ಮೂಗು ಹಿಡಿದುಕೊಂಡು ಅಳ್ತಿದ್ದ, ಈಗ ಟೈ ಕಟ್ಟಿಕೊಂಡು "ಮೇಡಂ, ಸೆಪ್ಟೆಂಬರ್ ಹದಿನೈದರೊಳಗೆ ಒಪ್ಪಿಗೆ ಬರೆದುಕೊಡಿ" ಅಂತಾನೆ. ನಾನು ಕಾಯಿಸ್ತಿದ್ದೀನಿ. ಕೇಳಿದ ಕೂಡಲೇ ಹೂಂ ಅಂದ್ರೆ ಬೆಲೆ ಇರಲ್ಲ. ಆದ್ರೆ ನಿನಗೆ ಹೇಳ್ತೀನಿ, ಇದಕ್ಕೇ ನಾನು ಇಷ್ಟು ವರ್ಷ ಕಾದಿದ್ದು. ಈ ಹಳೇ ಕೊಳದ ತಣ್ಣೀರಿನಲ್ಲಿ ಎಷ್ಟು ಮಕ್ಕಳ ತುಟಿ ನೀಲಿಯಾಗಿದ್ದು ನೋಡಿಲ್ಲ ನಾನು.

ನನ್ನ ಕೆಳಗೆ ಒಬ್ಬಳು ಹುಡುಗಿ ಸೇರಿದ್ದಾಳೆ, ಹೊಸ ಟೀಚರ್. ಈಜು ಚೆನ್ನಾಗಿದೆ, ಗಂಟಲಿಲ್ಲ. ಸೀಟಿ ಊದಿದ್ರೆ ಕುಕ್ಕರ್ ಕೂಗಿದ ಹಾಗಿರುತ್ತೆ, ಮಕ್ಕಳು ತಿರುಗಿಯೂ ನೋಡಲ್ಲ.

ಇನ್ನೊಂದು ಮಾತು. ನೂರೆಂಟು ಜನ ಇರೋವಾಗ ನನ್ನ ರಕ್ತವೇ ಯಾಕೆ ಬೇಕಾಯ್ತು ನಿನಗೆ? "ಯಾರದ್ದಾದ್ರೂ ಆಗುತ್ತೆ, ನೀನು ಕೈಗೆ ಸಿಕ್ಕಿದೆ" ಅಂದೆ. ಸರಿ, ನಂಬಿದ್ದೀನಿ ಅಂತ ಇಟ್ಟುಕೋ. ಫಲಿತಾಂಶ ಬಂದ್ರೆ ಮುಚ್ಚಿಡಬೇಡ. ನಿಮ್ಮ ಮೇಡಂ ಅಪ್ಪಣೆ ನಿಮಗೆ, ನನಗಲ್ಲ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅತ್ತೆ

ಜುಲೈ 1

ಪ್ರೀತಿಯ ಅತ್ತೆ,

ಕೂತುಕೊಂಡು ಓದು. ಗಾಬರಿ ಪಡೋದೇನಿಲ್ಲ, ಖುಷಿ ಪಡೋ ವಿಷಯ, ನನಗಂತೂ.

ನಿನ್ನ ಸೈನ್ಯ ನಿದ್ದೆ ಹೊಡೀತಿದೆ! ಉಳಿದವರ ಗುಳಿಗಳೆಲ್ಲ ಕಡು ಹಳದಿಯಾದ್ರೆ, ನಿನ್ನವು ಮಾತ್ರ ನಿಂಬೆಹಣ್ಣು ತೋರಿಸಿದ ನೀರಿನ ಹಾಗೆ, ಹಳದಿ ಹೌದೋ ಅಲ್ಲವೋ ಅನ್ನೋ ಅನುಮಾನ. ಮೊದಲ ಸಲ ನಂಬಲಿಲ್ಲ. ಇನ್ನೊಂದು ಸೀಸೆ ತೆಗೆದೆ, ಅದೇ. ಮತ್ತೊಂದು, ಅದೇ. ಕಣಗಳು ಸತ್ತಿವೆಯಾ ಅಂತ ನೋಡಿದೆ, ಇಲ್ಲ, ಜೀವಂತ ಗುಂಡುಕಲ್ಲಿನ ಹಾಗಿವೆ. ವೈರಸ್ ಎದುರಿಗೇ ಕೂತಿದೆ, ಇವು "ಯಾರೋ ಬಂದ ಹಾಗಾಯ್ತು" ಅಂತ ಮಗ್ಗುಲು ಬದಲಾಯಿಸ್ತವೆ.

ಅತ್ತೆ, ಇಂಥದ್ದು ಸಿಗೋದು ಅಪರೂಪ. ಎಲ್ಲರಲ್ಲೂ ಇರೋದನ್ನು ಅಳೆದ್ರೆ ಯಾರು ಕೇಳ್ತಾರೆ? ಎಲ್ಲರೂ ಕೂಗೋವಾಗ ಒಬ್ಬರ ಕಣ ಮಾತ್ರ ಯಾಕೆ ಕೂಗಲ್ಲ ಅಂತ ಕಂಡುಹಿಡಿದ್ರೆ ಅದೇ ಒಂದು ದೊಡ್ಡ ಕೆಲಸ. ಮೇಡಂಗೆ ಗ್ರಾಫ್ ತೋರಿಸಿದೆ. ಅವರು ಹುಬ್ಬು ಏರಿಸಿದ್ರು. ಅವರ ಹುಬ್ಬು ವರ್ಷಕ್ಕೊಂದು ಸಲ ಏರೋದು. "ಇನ್ನೂ ನೋಡು, ಅವಸರ ಬೇಡ" ಅಂದ್ರು. ಯಾರ ರಕ್ತ ಅಂತ ಅವರಿಗೆ ಗೊತ್ತಿಲ್ಲ, ನಾನೂ ಬಾಯಿ ಬಿಟ್ಟಿಲ್ಲ.

ಪಕ್ಕದ ಬೆಂಚಿನ ಸೋಡಾಬುಡ್ಡಿ ಬಗ್ಗೆ ಹೇಳಿದ್ದೆನಲ್ಲ, ದಪ್ಪ ಕನ್ನಡಕದವನು, ಸೋಮಾರಿಗಳ ಸರದಾರ. ಅವನು "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲೀಬೇಡ" ಅಂತಾನೆ. ಅವನಿಗೆ ಹೊಟ್ಟೆಕಿಚ್ಚು. ನಾನು ದಿನಕ್ಕೆ ಹತ್ತು ಸಲ ಇನ್‌ಕ್ಯುಬೇಟರ್ ಬಾಗಿಲು ತೆಗೆದು ನಿನ್ನ ಪ್ಲೇಟ್ ನೋಡೋದನ್ನು ಕಂಡು, "ನೀನು ಕಣ ಬೆಳೆಸ್ತಿದ್ದೀಯೋ ಮೊಟ್ಟೆಗೆ ಕಾವು ಕೊಡ್ತಿದ್ದೀಯೋ" ಅಂತ ಆಡಿಕೊಳ್ತಾನೆ. ಆಡಿಕೊಳ್ಳಲಿ.

ಸತ್ಯ ಹೇಳು ಅಂದಿದ್ದೆ, ಹೇಳಿದ್ದೀನಿ. ಯಾರ ಹತ್ತಿರವೂ ಬಾಯಿ ಬಿಡಬೇಡ ಅಷ್ಟೇ.

ನಿನ್ನ,
ಕುಳ್ಳಿ

ಜುಲೈ 12

ಕುಳ್ಳಿ,

ತಿಳೀತು. ಒಳ್ಳೇದಾಗಲಿ. ನಿನ್ನ ಹೆಸರು ದೊಡ್ಡದಾಗೋದಾದ್ರೆ ನನ್ನ ಸೈನ್ಯ ಬೇಕಾದ್ರೆ ಗೊರಕೆಯೂ ಹೊಡೀಲಿ.

ಒಂದೇ ಪ್ರಶ್ನೆ. ಇದು ಹುಟ್ಟಿನಿಂದ ಬರೋದಾ? ಒಡಹುಟ್ಟಿದವರಿಗೂ ಇರುತ್ತಾ? ಬಿಡುವಾದಾಗ ಬರಿ.

ಇಲ್ಲಿ ಎಲ್ಲಾ ಮಾಮೂಲು. ಮಕ್ಕಳಿಗೆ ನೆಗಡಿ ಕಾಲ.

ಅತ್ತೆ

ಜುಲೈ 20

ಪ್ರೀತಿಯ ಅತ್ತೆ,

ನೀನು ಕೇಳಿದ್ದು ಸರಿಯಾದ ಪ್ರಶ್ನೆ. ನಮ್ಮ ಸೆಮಿನಾರಿನಲ್ಲಿ ಯಾರಾದ್ರೂ ಅದನ್ನೇ ಮೊದಲು ಕೇಳ್ತಾರೆ.

ಹುಟ್ಟಿನಿಂದ ಬಂದಿರಬಹುದು. ಬಂದಿದ್ರೆ ಒಡಹುಟ್ಟಿದವರಲ್ಲೂ ಇರೋ ಸಾಧ್ಯತೆ ಚೆನ್ನಾಗೇ ಇದೆ. ಮುಚ್ಚುಮರೆ ಯಾಕೆ, ನಿನ್ನ ರಕ್ತ ನಾನು ಸುಮ್ಮನೆ ತೆಗೆದದ್ದಲ್ಲ. ಅಪ್ಪನದ್ದು ಸಿಗಲ್ಲ, ಅಪ್ಪನ ಅಕ್ಕನದ್ದು ಸಿಗುತ್ತೆ ಅಂತಲೇ ತೆಗೆದೆ. ಗಟ್ಟಿಮುಟ್ಟು ಆಳು, ಮೂವತ್ತು ದಾಟಿ ಎಷ್ಟು ವರ್ಷವೂ ಆಗಿರಲಿಲ್ಲ, ಮನೆಮಂದಿಗೆಲ್ಲ ಬಂದು ಹೋದ ಜ್ವರ ಅವರೊಬ್ಬರ ಎದೆಗಿಳಿದು ವಾರದಲ್ಲಿ ಕರೆದುಕೊಂಡು ಹೋಯ್ತು ಅಂದ್ರೆ ಅದಕ್ಕೊಂದು ಕಾರಣ ಇರಲೇಬೇಕು. ನಾನು ಈ ಓದಿಗೆ ಬಂದಿದ್ದೇ ಆ ಕಾರಣ ಹುಡುಕಿಕೊಂಡು. ನೀನೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಆ ವಾರದ್ದು ನನಗೆ ನೆನಪಿರೋದು ಮುಚ್ಚಿದ ಬಾಗಿಲು ಮಾತ್ರ. ಒಳಗೆ ಕೆಮ್ಮು, ಹೊರಗೆ ನಾನು. ಯಾರೂ ಒಳಗೆ ಬಿಡಲಿಲ್ಲ. ಈಗ ಆ ಬಾಗಿಲು ತೆಗೀತಿದೆ ಅನ್ನಿಸುತ್ತಿದೆ ಅತ್ತೆ. ಉತ್ತರ ಬಹುಶಃ ನಿನ್ನ ಪ್ಲೇಟಿನಲ್ಲೇ ಇದೆ.

ನನ್ನ ರಕ್ತವನ್ನೂ ನೋಡಬಹುದಿತ್ತು. ಆದ್ರೆ ತನ್ನ ಕಣಗಳ ಮೇಲೆ ತಾನೇ ಪ್ರಯೋಗ ಮಾಡಬಾರದು ಅಂತ ನಮ್ಮಲ್ಲಿ ಕಟ್ಟುನಿಟ್ಟು. ಇರಲಿ, ನೀನಿದ್ದೀಯಲ್ಲ.

ಹೊಸ ಕೊಳದ ಒಪ್ಪಿಗೆ ಬರೆದುಕೊಟ್ಟೆಯಾ? ಸಾಕು, ತುಂಬಾ ಕಾಯಿಸಬೇಡ.

ನಿನ್ನ,
ಕುಳ್ಳಿ

ಆಗಸ್ಟ್ 4

ಕುಳ್ಳಿ,

ನಿನ್ನ ಕಾಗದ ಎರಡು ಮೂರು ಸಲ ಓದಿದೆ. ನೀನು ಯಾಕೆ ರಕ್ತ ತೆಗೆದೆ ಅಂತ ನನಗೆ ಅವತ್ತೇ ಗೊತ್ತಿತ್ತು. ಸೂಜಿ ಚುಚ್ಚೋವಾಗ ನಿನ್ನ ಮುಖ ನೋಡಿದ್ದೆ. ಕೇಳೋದು ಬೇಡ ಅನ್ನಿಸ್ತು.

ಇಲ್ಲಿ ಬದಲಾವಣೆ ಆಗಿದೆ. ಸೀಟಿಯನ್ನು ಆ ಹುಡುಗಿ ಕೊರಳಿಗೆ ಹಾಕಿದೆ. ಅವಳೂ ಕಲೀಬೇಕಲ್ಲ. ಬೆಳಗಿನ ಹೊತ್ತು ಈಗ ನನ್ನದೇ. ಮನೆ ಕಿಟಕಿಗಳನ್ನೆಲ್ಲ ಉಜ್ಜಿದೆ. ನಿನಗೊಂದು ಸ್ವೆಟರ್ ಹಾಕೋಣ ಅಂತ ಉಲ್ಲನ್ ತಂದಿದ್ದೀನಿ, ನೀಲಿ. ತೋಳಿನ ಅಳತೆ ಕಳಿಸು. ಗಿಡ್ಡ ತೋಳು ಅಂತ ಗೊತ್ತು, ಎಷ್ಟು ಗಿಡ್ಡ ಅಂತ ಬರಿ.

ಸಂತೆಯಂಥ ಗಿಜಿಗಿಜಿ ಜಾಗ ನಮ್ಮಂಥವರಿಗೆ ಒಳ್ಳೇದಲ್ಲ ಅಲ್ವಾ? ಬಸ್ಸು ಗಿಸ್ಸು?

ಕೈಯಿಂದ ಕ್ಲೋರಿನ್ ವಾಸನೆ ಹೋಗಿದೆ. ಮೊನ್ನೆ ಊಟ ಮಾಡೋವಾಗ ಗೊತ್ತಾಯ್ತು.

ಅತ್ತೆ

ಆಗಸ್ಟ್ 10

ಪ್ರೀತಿಯ ಅತ್ತೆ,

ಅಂತೂ ಮುಖ್ಯಸ್ಥೆ ಆಗಿಬಿಟ್ಟೆ! ಸೀಟಿ ಊದೋ ಕೆಲಸ ಕಿರಿಯರಿಗೆ, ಕುರ್ಚಿ ನಿನಗೆ. ಶುಭಾಶಯ. ಕಿಟಕಿ ಉಜ್ಜೋಕೂ ಪುರುಸೊತ್ತು ಸಿಗೋ ಹುದ್ದೆ ಅಂದ್ರೆ ಅದು ಹುದ್ದೆ. ನಾನು ಹೇಳಿರಲಿಲ್ಲವಾ, ನಿನ್ನನ್ನು ಬಿಟ್ಟರೆ ಅವರಿಗೆ ಗತಿ ಇಲ್ಲ ಅಂತ?

ಬಸ್ಸಿನ ಬಗ್ಗೆ ಕೇಳಿದ್ದೀಯ. ನೆಗಡಿ ಇದ್ದವರ ಪಕ್ಕ ಕೂರಬೇಡ ಅಷ್ಟೇ, ಅದು ಎಲ್ಲರಿಗೂ ಅನ್ವಯಿಸೋ ಮಾತು.

ನೆಗಡಿ ಅಂದೆನಾ? ನನಗೇ ಬಂದಿದೆ. ಮೂಗು ಟೊಮ್ಯಾಟೊ. ನೆಗಡಿ ಬಂದವರು ಕಣಗಳ ಕೋಣೆಗೆ ಕಾಲಿಡಬಾರದು, ಮೇಡಂ ಬಾಗಿಲಲ್ಲೇ ತಡೆದು ಮನೆಗೆ ಅಟ್ಟಿದ್ರು. ವೈರಸ್ ಬಗ್ಗೆ ಓದೋಳಿಗೆ ವೈರಸ್ಸೇ ರಜೆ ಕೊಡಿಸ್ತು. ಈ ವಾರದ ಪ್ಲೇಟುಗಳನ್ನು ಸೋಡಾಬುಡ್ಡಿ ನೋಡಿಕೊಳ್ತಾನಂತೆ. ನೋಡಿಕೊಳ್ಳೋದು ಏನು ಬಂತು, ಒಳಗಿಟ್ಟು ಮರೆತುಬಿಡ್ತಾನೆ. ಏನು ಹಾಳು ಮಾಡಿಡ್ತಾನೋ ಅಂತ ನನಗೆ ಜ್ವರಕ್ಕಿಂತ ಅದೇ ಚಿಂತೆ.

ತೋಳಿನ ಅಳತೆ ಹಿಂದೆ ಬರೆದಿದ್ದೀನಿ. ನಗಬೇಡ.

ನಿನ್ನ,
ಕುಳ್ಳಿ

ಆಗಸ್ಟ್ 19

ಕುಳ್ಳಿ,

ಕಾಗದ ಓದೋದನ್ನು ಎಲ್ಲಿ ಕಲಿತೆ ನೀನು? ಮೈಕ್ರೋಸ್ಕೋಪಿನಲ್ಲಿ ಅಷ್ಟು ಚಿಕ್ಕದು ಕಾಣಿಸೋಳಿಗೆ ಇಷ್ಟು ದೊಡ್ಡದು ಕಾಣಿಸಲಿಲ್ಲವಾ?

ನಾನು ಯಾವ ಕುರ್ಚಿಯಲ್ಲೂ ಕೂತಿಲ್ಲ. ಕೊಳಕ್ಕೆ ಹೋಗೋದನ್ನೇ ಬಿಟ್ಟಿದ್ದೀನಿ. ಜುಲೈ ಕೊನೆಯಿಂದ ನೀರಿಗಿಳಿದಿಲ್ಲ. ಹೊಸ ಕೊಳಕ್ಕೆ ಬರಲ್ಲ ಅಂತ ಕಾರ್ಯದರ್ಶಿಗೆ ಬಾಯಲ್ಲಿ ಹೇಳಿಯಾಗಿದೆ. "ಸೆಪ್ಟೆಂಬರ್ ಹದಿನೈದರವರೆಗೂ ಕಾಯ್ತೀನಿ ಮೇಡಂ, ಬೇಡ ಅನ್ನೋದಾದ್ರೂ ಬರೆದೇ ಕೊಡಿ" ಅಂತ ಮುಖ ಸಣ್ಣ ಮಾಡಿಕೊಂಡು ಹೋದ.

ಇನ್ನೇನು ಮಾಡಬೇಕಿತ್ತು ನಾನು? ನನ್ನ ಕೆಲಸ ಅಂದ್ರೆ ಏನು ಅಂದುಕೊಂಡಿದ್ದೀಯ? ಮೂಗು ಸುರಿಸೋ ಮಕ್ಕಳನ್ನು ಎದೆಗವಚಿಕೊಂಡು ನೀರಲ್ಲಿ ನಿಲ್ಲೋದು. ಅವು ನನ್ನ ಮುಖದ ಮೇಲೇ ಸೀನ್ತವೆ, ಕೆಮ್ತವೆ, ನನ್ನ ಹೆಗಲಿಗೇ ಮೂಗು ಒರೆಸ್ತವೆ. ಇಷ್ಟು ವರ್ಷ ಅದರ ಬಗ್ಗೆ ಯೋಚನೆಯನ್ನೇ ಮಾಡಿದವಳಲ್ಲ. ನಿನ್ನ ಜುಲೈ ಇಪ್ಪತ್ತರ ಕಾಗದ ಬಂದ ಮಾರನೇ ದಿನ ಒಂದು ಮಗು ಸೀನಿತು, ನಾನು ಅದನ್ನು ದೂರ ತಳ್ಳಿದೆ. ಕೈಬಿಟ್ಟೆ ಅಂತಲ್ಲ, ಒಂದು ಗೇಣು ದೂರ ಹಿಡಿದೆ ಅಷ್ಟೇ. ಮಗು ಹೆದರಿ ಕಿರುಚಿಕೊಂಡಿತು. ನೀರಲ್ಲಿ ಹಿಡಿದ ಕೈ ಹಿಂಜರಿದ್ರೆ ಮಗುವಿಗೆ ಗೊತ್ತಾಗುತ್ತೆ ಕಣೇ. ಆವತ್ತೇ ಅಂದುಕೊಂಡೆ, ಹೆದರಿದವಳು ಕಲಿಸಬಾರದು ಅಂತ.

ನಿನ್ನಪ್ಪ ಹೋದಾಗ ಪಕ್ಕದಲ್ಲಿದ್ದವಳು ನಾನು. ಅವನು ಉಸಿರಿಗೆ ಒದ್ದಾಡಿದ್ದು ನೀನು ನೋಡಿಲ್ಲ, ನಾನು ನೋಡಿದ್ದೀನಿ. ನಿನಗೆ ಅದು ಪ್ರಶ್ನೆ, ನನಗೆ ಅದು ನನ್ನ ತಮ್ಮ. ಅದೇ ರಕ್ತ ನನ್ನಲ್ಲೂ ಇದೆ ಅಂತ ನೀನು ಖುಷಿಯಿಂದ ಬರೆದೆ. "ಖುಷಿ ಪಡೋ ವಿಷಯ" ಅಂತಲೇ ಬರೆದಿದ್ದೀಯ, ತೆಗೆದು ನೋಡಿದೆ.

ಸತ್ಯ ಹೇಳು ಅಂದವಳು ನಾನೇ, ಅದಕ್ಕೆ ನಿನ್ನನ್ನು ದೂರಲ್ಲ. ಆದ್ರೆ ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ನಿಮ್ಮ ಮೇಡಂ ಆ ಕಟ್ಟಪ್ಪಣೆ ಸುಮ್ಮನೆ ಮಾಡಿಲ್ಲ.

ಸ್ವೆಟರ್ ಅರ್ಧ ಆಗಿದೆ. ಬಿಚ್ಚಿ ಹಾಕಿಬಿಡೋಣ ಅನ್ನೋ ಸಿಟ್ಟು ಬಂದಿತ್ತು. ಬಿಚ್ಚಿಲ್ಲ.

ಅತ್ತೆ

ಸೆಪ್ಟೆಂಬರ್ 7

ಅತ್ತೆ,

ತುರ್ತು ಅಂಚೆಯಲ್ಲಿ ಕಳಿಸ್ತಿದ್ದೀನಿ. ಪೂರ್ತಿ ಓದೋ ಮುಂಚೆ ಕಾರ್ಯದರ್ಶಿಗೆ ಒಂದಕ್ಷರವೂ ಬರೆದುಕೊಡಬೇಡ.

ನಿನ್ನ ಸೈನ್ಯಕ್ಕೆ ಏನೂ ಆಗಿಲ್ಲ. ನಾನೇ ಅದಕ್ಕೆ ಚಳಿ ಹಿಡಿಸಿದ್ದೆ.

ನಡೆದದ್ದು ಹೀಗೆ. ನೆಗಡಿ ವಾಸಿಯಾಗಿ ಲ್ಯಾಬಿಗೆ ಹೋದೆ. ಸೋಡಾಬುಡ್ಡಿ ಮಾಡಿಟ್ಟ ಪ್ಲೇಟಿಗೆ ಬಣ್ಣ ಬರಿಸಿದ್ರೆ ನಿನ್ನ ಗುಳಿಗಳು ಕಡು ಹಳದಿ! ಎಲ್ಲರಿಗಿಂತ ಒಂದು ಕೈ ಮೇಲೆ. ಸೀಸೆ ಅದಲುಬದಲು ಮಾಡಿದ್ದೀಯ ಅಂತ ಅವನ ಮೇಲೆ ಹರಿಹಾಯ್ದೆ. ಅವನು ಪಾಪ, ಕನ್ನಡಕ ಒರೆಸಿಕೊಂಡು ಖಾಲಿ ಸೀಸೆ ತಂದು ತೋರಿಸಿದ. ನಿನ್ನದೇ ನಂಬರ್. "ನೀನು ಏನು ಮಾಡಿದೆ?" ಅಂತ ಕೇಳಿದೆ. "ಏನೂ ಮಾಡಲಿಲ್ಲ. ಹಿಂದೆ ಜಾಗ ಇತ್ತು, ಅಲ್ಲಿಟ್ಟೆ. ಬಾಗಿಲು ಹಾಕಿದೆ. ಮಾರನೇ ದಿನ ತೆಗೆದೆ" ಅಂದ.

ಆಗ ಹೊಳೀತು ಅತ್ತೆ. ನಿನ್ನ ಪ್ಲೇಟಿಗೆ ಮರ್ಯಾದೆ ಅಂತ ನಾನು ಕೊಟ್ಟ ಜಾಗ ಯಾವುದು? ಬಾಗಿಲ ಪಕ್ಕ. ದಿನಕ್ಕೆ ಹತ್ತು ಸಲ ಬಾಗಿಲು ತೆಗೆಯೋದು, ನಿನ್ನ ಪ್ಲೇಟನ್ನು ಹೊರಗೆ ತಂದು ಮೈಕ್ರೋಸ್ಕೋಪಿನ ತಣ್ಣನೆ ಕಬ್ಬಿಣದ ಮೇಲಿಟ್ಟು ನೋಡ್ತಾ ಕೂರೋದು. ಬೇರೆಯವರ ಪ್ಲೇಟುಗಳು ಹಿಂದೆ ಬೆಚ್ಚಗೆ ಇದ್ದು ತಮ್ಮ ಕೆಲಸ ಮಾಡಿಕೊಂಡವು. ನಿನ್ನದಕ್ಕೆ ನೆಮ್ಮದಿಯಾಗಿ ಬೆಚ್ಚಗಾಗೋಕೇ ನಾನು ಬಿಡಲಿಲ್ಲ. ಕಣಗಳು ತಣ್ಣಗಾದ್ರೆ ಅವುಗಳ ಕೂಗು ಕುಗ್ಗುತ್ತೆ. ಇದೇನು ಹೊಸ ವಿಷಯವಲ್ಲ, ನಾನೇ ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೀನಿ. ಬರೆದದ್ದು ನೆನಪಿಗೆ ಬರಲಿಲ್ಲ, ಯಾಕಂದ್ರೆ ನನಗೆ ಬೇಕಾಗಿದ್ದ ಉತ್ತರ ಆಗಲೇ ಸಿಕ್ಕಿಬಿಟ್ಟಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನೀನು ಅನ್ನಬಹುದು. ಅದಕ್ಕೇ ಈ ಸಲ ಬರೀ ಮಾತಲ್ಲಿ ಹೇಳ್ತಿಲ್ಲ. ನಿನ್ನ ಒಂದೇ ಸೀಸೆಯನ್ನು ಎರಡು ಪ್ಲೇಟಿಗೆ ಹಂಚಿದೆ. ಒಂದನ್ನು ಹಿಂದೆ ಇಟ್ಟು ಮುಟ್ಟಲಿಲ್ಲ. ಇನ್ನೊಂದನ್ನು ಮುಂದೆ ಇಟ್ಟು ಹಿಂದಿನ ಹಾಗೇ ತೆಗೆದು ತೆಗೆದು ನೋಡಿದೆ. ಬೇರೆ ಮೂವರ ಕಣಗಳಿಗೂ ಹಾಗೇ ಮಾಡಿದೆ. ಬಣ್ಣ ಅಳೆಯೋ ಕೆಲಸ ಸೋಡಾಬುಡ್ಡಿಗೆ ಕೊಟ್ಟೆ, ಯಾವುದು ಎಲ್ಲಿತ್ತು ಅಂತ ಅವನಿಗೆ ಹೇಳಲಿಲ್ಲ. ಹಿಂದಿದ್ದವೆಲ್ಲ ಕಡು ಹಳದಿ. ಮುಂದಿದ್ದವೆಲ್ಲ ಸಪ್ಪೆ, ಯಾರದ್ದೇ ಆಗಿರಲಿ. ಮತ್ತೊಮ್ಮೆ ಮಾಡಿದೆ, ಹಾಗೇ ಬಂತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ.

ಮೇಡಂಗೆ ಎಲ್ಲಾ ಹೇಳಿದೆ. ಯಾರ ರಕ್ತ, ಏನು ಬರೆದೆ, ನೀನು ಏನು ಮಾಡಿಕೊಂಡೆ, ಒಂದೂ ಬಿಡದೆ. ಹುಬ್ಬು ಏರಲಿಲ್ಲ, ದನಿ ಏರಿತು. ಎರಡು ತಿಂಗಳು ನಾನು ಬೇರೆಯವರು ಪಕ್ಕದಲ್ಲಿ ಇಲ್ಲದೆ ಯಾರ ರಕ್ತವನ್ನೂ ಮುಟ್ಟೋ ಹಾಗಿಲ್ಲ. ನಿನ್ನ ಉಳಿದ ಸೀಸೆಗಳಿಗೆ ಬೀಗ. ನ್ಯಾಯವೇ. ಕೊನೆಗೆ ಒಂದು ಮಾತು ಅಂದ್ರು: "ಅಷ್ಟು ವರ್ಷ ಮಕ್ಕಳು ಆಕೆಯ ಮುಖದ ಮೇಲೆ ಸೀನಿದ್ದಾರೆ. ಆಕೆ ಎಷ್ಟು ಸಲ ಮಲಗಿದ್ದಾರೆ ಅಂತ ಕೇಳಿದೆಯಾ?" ಕೇಳಿರಲಿಲ್ಲ. ನೀನು ಜ್ವರ ಅಂತ ಮಲಗಿದ್ದು ನನಗಂತೂ ನೆನಪಿಲ್ಲ. ಅಷ್ಟು ದೊಡ್ಡ ಪ್ರಯೋಗ ಕಣ್ಣೆದುರಿಗೇ ನಡೆದಿತ್ತು, ನಾನು ಅಂಗೈಯಗಲದ ಪ್ಲೇಟಿನಲ್ಲಿ ಹುಡುಕ್ತಿದ್ದೆ. ನಿನಗೂ ಒಂದು ಮಾತು ಕೇಳ್ತೀನಿ, ಬೈಯಬೇಡ. ನಿನ್ನ ಮೈ ಬಗ್ಗೆ ನಿನಗಿಂತ ನನ್ನ ಕಾಗದವನ್ನು ಯಾಕೆ ನಂಬಿದೆ?

ನಿನಗೆ ಇನ್ನು ಯಾವತ್ತೂ ನೆಗಡಿಯೇ ಬರಲ್ಲ ಅಂತ ನಾನು ಹೇಳ್ತಿಲ್ಲ. ನಿನ್ನ ಕಣಗಳು ಎಲ್ಲರ ಹಾಗೆ ಕೂಗ್ತವೆ, ಸ್ವಲ್ಪ ಜೋರಾಗಿಯೇ. ಅಷ್ಟು ಖಚಿತವಾಗಿ ಹೇಳಬಲ್ಲೆ. ಅಪ್ಪನ ಬಗ್ಗೆ ನನಗೆ ಗೊತ್ತಿಲ್ಲ. ಬಹುಶಃ ಗೊತ್ತಾಗೋದೂ ಇಲ್ಲ. ಅದನ್ನು ಬರೆಯೋವಾಗ ಕಷ್ಟವಾಗ್ತಿದೆ, ಆದ್ರೆ ನಿಜ ಅದು.

ತಪ್ಪಾಯ್ತು ಅತ್ತೆ. ನೀರಿಗೆ ಹೋಗು.

ಕುಳ್ಳಿ

ಸೆಪ್ಟೆಂಬರ್ 16

ಕುಳ್ಳಿ,

ನಿನ್ನ ಕಾಗದ ಬಂದಾಗ ನಾನು ಸ್ವೆಟರಿನ ಎಡಗೈ ಹಾಕ್ತಿದ್ದೆ. ಮೊದಲ ಸಲ ಓದಿ ನಂಬಲಿಲ್ಲ. ನನ್ನ ಸಮಾಧಾನಕ್ಕೆ ಕಥೆ ಕಟ್ಟಿದ್ದೀಯ ಅಂದುಕೊಂಡೆ. ಎರಡನೇ ಸಲ ಓದೋವಾಗ ದಿನಕ್ಕೆ ಹತ್ತು ಸಲ ಬಾಗಿಲು ತೆಗೀತಿದ್ದೆ ಅನ್ನೋ ಕಡೆ ನಿಂತೆ. ಆಗ ನಂಬಿದೆ. ಅಂಥ ಸುಳ್ಳು ಯಾರೂ ಕಟ್ಟಲ್ಲ, ಅದು ನೀನೇ.

ನಮ್ಮಲ್ಲೂ ಇಂಥ ತಾಯಂದಿರು ಇದ್ದಾರೆ. ಮಗು ನೀರಿಗಿಳಿದ ಕೂಡಲೇ "ಚಳಿಯಾಯ್ತಾ? ಸಾಕಾ?" ಅಂತ ಎತ್ತಿ ಎತ್ತಿ ನೋಡ್ತಾರೆ. ಹೊರಗೆ ಎತ್ತಿದ್ದಕ್ಕೇ ಮಗು ನಡುಗೋದು. ಅವರನ್ನೆಲ್ಲ ಗೇಟಿನಾಚೆ ಕೂರಿಸ್ತೀನಿ. ನಿನ್ನನ್ನೂ ಕೂರಿಸಬೇಕಿತ್ತು.

ನನ್ನ ಮೈಯನ್ನು ಬಿಟ್ಟು ನಿನ್ನ ಕಾಗದ ಯಾಕೆ ನಂಬಿದೆ ಅಂತ ಕೇಳಿದ್ದೀಯ. ನಮ್ಮ ಮನೆಯಲ್ಲಿ ಅಷ್ಟು ಓದಿದವಳು ನೀನೊಬ್ಬಳೇ, ಅದಕ್ಕೆ ಅಂತ ಹೇಳಿಬಿಡಬಹುದು. ಆದ್ರೆ ಅದಲ್ಲ. ಅವನು ಹೋಗಿ ನಾನು ಉಳಿದೆನಲ್ಲ, ಆ ಜ್ವರ ನನಗೂ ಬಂದು ಹೋಗಿತ್ತಲ್ಲ, ನನಗೆ ಅದು ಸರಿ ಅಂತ ಯಾವತ್ತೂ ಅನ್ನಿಸಿರಲಿಲ್ಲ. ಜುಲೈನಲ್ಲಿ ನಿನ್ನ ಕಾಗದ ಬಂದಾಗ, ಸರಿ, ನನ್ನ ಪಾಳಿಯೂ ಬಂತು ಅಂದುಕೊಂಡೆ. ನಂಬೋಕೆ ನಾನು ತಯಾರಾಗೇ ಇದ್ದೆ ಅಂತ ಕಾಣುತ್ತೆ.

ಮೊನ್ನೆ ಬೆಳಿಗ್ಗೆ ಕೊಳಕ್ಕೆ ಹೋದೆ. ಸೀಟಿ ವಾಪಸ್ ಕೇಳೋಕೆ ಮನಸ್ಸಾಗಲಿಲ್ಲ, ಆ ಹುಡುಗಿ ಅದಕ್ಕೆ ಕೆಂಪು ದಾರ ಕಟ್ಟಿಕೊಂಡಿದ್ದಳು. ಬೇರೆ ಕೊಂಡೆ. ನಾನು ಮೆಟ್ಟಿಲಿಳಿಯೋದು ನೋಡಿ ಮಕ್ಕಳು ಕೇಕೆ ಹಾಕಿದವು. ಒಂದು ಹೊಸ ಮಗು, ಹಲ್ಲಿಲ್ಲದ್ದು, ನನ್ನ ಕೊರಳಿಗೆ ಜೋತುಬಿದ್ದು ನೇರ ಮುಖಕ್ಕೇ ಸೀನಿತು. ಕೈ ಹಿಂಜರಿಯಲಿಲ್ಲ. ಮುಖ ನೀರಲ್ಲಿ ಮುಳುಗಿಸಿ ಎದ್ದೆ, ಅಷ್ಟೇ. ಮಧ್ಯಾಹ್ನ ಅದೇ ಒದ್ದೆ ಕೂದಲಲ್ಲಿ ಹೋಗಿ ಒಪ್ಪಿಗೆ ಬರೆದುಕೊಟ್ಟೆ. ಕಾರ್ಯದರ್ಶಿ ನನ್ನ ಕೂದಲ ಹನಿ ಬಿದ್ದ ಕಾಗದವನ್ನೇ ಎರಡು ಕೈಯಲ್ಲಿ ತೆಗೆದುಕೊಂಡ.

ನಿಮ್ಮ ಮೇಡಂ ಮಾಡಿದ್ದು ಸರಿ. ಎರಡು ತಿಂಗಳು ಕೈಕಟ್ಟಿ ಕೂರು. ಆಮೇಲೆ ಬಾ, ಬೇಕಾದ್ರೆ ಇನ್ನೊಂದು ಸೀಸೆ ರಕ್ತ ಕೊಡ್ತೀನಿ. ಈ ಸಲ ಫಲಿತಾಂಶ ಕೇಳಲ್ಲ.

ಒಂದು ವಿಷಯ ಉಳೀತು. ಜುಲೈ ಕಾಗದದಲ್ಲಿ ಬರೆದಿದ್ದೀಯ, ಆ ವಾರದ್ದು ಮುಚ್ಚಿದ ಬಾಗಿಲು ಮಾತ್ರ ನೆನಪು, ಯಾರೂ ಒಳಗೆ ಬಿಡಲಿಲ್ಲ ಅಂತ. ಆಗ ನನಗೆ ಅದರ ಬಗ್ಗೆ ಬರೆಯೋ ಮನಸ್ಸಿರಲಿಲ್ಲ. ಈಗ ಬರೀತೀನಿ. ಒಳಗೆ ಬಿಡಲಿಲ್ಲ ಅನ್ನೋದು ನಿಜ, ಡಾಕ್ಟರ್ ಬೇಡ ಅಂದಿದ್ರು. ಆದ್ರೆ ಬಾಗಿಲು ಮುಚ್ಚಿರಲಿಲ್ಲ ಕಣೇ. ನೀನು ಬಿಟ್ಟರೆ ತಾನೇ ಮುಚ್ಚೋದು? ತಳ್ಳೋದು, ಇಣುಕೋದು, "ಎದ್ಯಾ ಅಪ್ಪಾ?" ಅನ್ನೋದು, ಓಡಿಹೋಗೋದು. ಮತ್ತೆ ಬರೋದು. ಗಾಳಿ ನುಗ್ಗಿ ಕೋಣೆಯ ಬಿಸಿ ಎಲ್ಲಾ ಹೋಗ್ತಿತ್ತು. ಅವನಿಗೆ ಚಳಿಯಾಗುತ್ತೆ ಅಂತ ನಾನು ಹೊರಗೆ ಹೋಗಿ ಮೇಲಿನ ಚಿಲಕ ಹಾಕೋಕೆ ಎದ್ದೆ. ಅವನಿಗೆ ಆಗ ಮಾತಾಡೋಕೂ ಉಸಿರು ಸಾಲ್ತಿರಲಿಲ್ಲ. ಆದರೂ ನನ್ನ ಸೆರಗು ಹಿಡಿದು ನಿಲ್ಲಿಸಿದ. ನಿಲ್ಲಿಸಿ ಹೇಳಿದ:

"ಚಿಲಕ ಹಾಕಬೇಡ ಅಕ್ಕಾ. ಕುಳ್ಳಿಗೆ ಎಟುಕಲ್ಲ."

ಅತ್ತೆ